ದೋಣಿಯ ಮುಚ್ಚಳ

ಕಾಫಿ ಕಣದ ಅಂಚಿಗೆ, ಹಲಸಿನ ಮರದ ಕೆಳಗೆ,
ನಾಲ್ಕು ಲಾರಿ ಟಯರುಗಳ ಮೇಲೆ ಕೂತಿತ್ತು
ಕರಡಿಗೋಡಿನ ಪ್ರವಾಹದ ದೋಣಿ,
ಬಿಳಿ ಹೋಗಿ ಹಳೆ ಹಲ್ಲಿನ ಬಣ್ಣಕ್ಕೆ ತಿರುಗಿ.
ಹೂಮಳೆ ಬಿದ್ದು ಹದಿನೈದು ದಿನ. ಕಣ ಖಾಲಿ.
ಜೂನ್ ತನಕ ಬಳಸಿಕೊಳ್ಳಿ ಎಂದಿದ್ದರು ತೋಟದವರು.

ಸಿದ್ದಾಪುರದಿಂದ ಮೊಯ್ದು ಬಂದ.
ನೀರಿನ ಟ್ಯಾಂಕು, ಜೀಪಿನ ಬಾನೆಟ್ಟು,
ಒಮ್ಮೆ ಯಾರದೋ ಮದುವೆ ಮಂಟಪದ ಆನೆ,
ಫೈಬರಿನದು ಏನೇ ಒಡೆದರೂ ಅವನೇ ಡಾಕ್ಟರು.
ಬೆರಳ ಗೆಣ್ಣಿನಿಂದ ತಟ್ಟುತ್ತಾ ಸುತ್ತು ಬಂದ,
ಹಲಸು ಹಣ್ಣಾಯಿತೇ ಎಂದು ನೋಡುವ ಹಾಗೆ.
ಟಣ್, ಟಣ್, ಟಣ್. ದಬ್.
"ಇಲ್ಲಿ ಕೊಳೆತಿದೆ. ಮೇಲಿಂದ ತೇಪೆ ಹಚ್ಚಿದರೆ ದಂಡ.
ಮುಚ್ಚಳ ತೆಗೀಬೇಕು."

ದೋಣಿಗೊಂದು ಮುಚ್ಚಳವಿದೆಯೆಂದು ನನಗೆ ಗೊತ್ತೇ ಇರಲಿಲ್ಲ.
ಹನ್ನೊಂದು ಮಳೆಗಾಲ ನಡೆಸಿದ್ದೇನೆ,
ಒಂದೇ ತುಂಡು ಅಂದುಕೊಂಡಿದ್ದೆ, ಮೊಟ್ಟೆಯ ಹಾಗೆ.
ಎರಡು ತಟ್ಟೆ ಕವುಚಿಟ್ಟಂತೆ, ಅಂದ ಮೊಯ್ದು,
ಕೆಳಗಿನದು ನೀರಿಗೆ, ಮೇಲಿನದು ಕಾಲಿಗೆ,
ನಡುವಿನದು ಯಾರಿಗೂ ಅಲ್ಲ.

ಮೊದಲು ಅಂಚಿನ ರಬ್ಬರ್ ಪಟ್ಟಿ. ಬಿಸಿಲಿಗೆ ಒಣಗಿ
ಚಕ್ಕುಲಿಯಂತೆ ಮುರಿಯಿತು.
ಅದರಡಿ ಚೋಟಿಗೊಂದರಂತೆ ರಿವೆಟ್ಟು,
ತೊಂಬತ್ತಾರು. ಒಂದೊಂದರ ತಲೆ ಡ್ರಿಲ್ಲಿನಲ್ಲಿ ತೆಗೆದ.
ಸ್ಟೀರಿಂಗು, ಕೇಬಲ್ಲು, ಹಗ್ಗ ಸುತ್ತುವ ಕೊಂಬು,
ಬಿಚ್ಚಿದ್ದೆಲ್ಲ ಒಂದು ಗೋಣಿಯಲ್ಲಿ.
ಆಮೇಲೆ ಹ್ಯಾಕ್ಸಾ ಬ್ಲೇಡಿಗೆ ಬಟ್ಟೆ ಸುತ್ತಿಕೊಂಡು
ಹಳೆ ಗೋಂದನ್ನು ಇಂಚಿಂಚೇ ಕೊಯ್ದೆವು, ಮೂರು ಸಂಜೆ.
ಮೈಗೆಲ್ಲ ಗಾಜಿನ ಧೂಳು. ತಣ್ಣೀರೇ ಸುರಿದುಕೋ,
ಬಿಸಿನೀರು ಮುಟ್ಟಬೇಡ ಎಂದಿದ್ದ.
ನಾನು ಮುಟ್ಟಿದೆ. ರಾತ್ರಿಯೆಲ್ಲ ತುರಿಸಿಕೊಂಡೆ.

ಎತ್ತುವ ದಿನ ಕೊಂಬೆಗೆ ಚೈನ್ ಪುಲ್ಲಿ,
ನಾಲ್ಕು ಮೂಲೆಗೆ ನಾಲ್ಕು ಜನ.
ಒಂದು ಮೂಲೆಗೆ ಲೈನ್ ಮನೆಯಿಂದ ಚೋಮಿ ಬಂದಳು.
ಕರೆದದ್ದು ನಾನಲ್ಲ.

ಗಾಯಕ್ಕಂಟಿದ ಬಟ್ಟೆ ಎಳೆದಂತೆ ಚರ್ರನೆ ಕಿತ್ತಿತು.
ಆಮೇಲೆ ವಾಸನೆ. ಹಳೆಯ ಹೊಳೆಯದು.
ಪ್ಲೈವುಡ್ಡು ಕಾಫಿ ಚರಟದ ಹಾಗೆ ಬೆರಳಿಗೇ ಬಂತು.
ಮುಳುಗದಿರಲಿ ಎಂದು ತುಂಬಿದ್ದ ಹಳದಿ ಫೋಮು
ಬಾಲ್ದಿಯಲ್ಲಿ ಅದ್ದಿಟ್ಟ ಬನ್ನು.
ಒತ್ತಿದರೆ ನೀರು, ಇನ್ನೊಮ್ಮೆ ಒತ್ತಿದರೆ ಇನ್ನೂ ನೀರು.

ಮೂಟೆ ತೂಗುವ ತಕ್ಕಡಿ ಅಲ್ಲೇ ಇತ್ತು.
ಮೊಯ್ದುವಿಗೆ ಸುಮ್ಮನೆ ಕುತೂಹಲ.
ತುಂಡು ತುಂಡಾಗಿ ಇಟ್ಟ, ಗೋಡೆಯ ಮೇಲೆ
ಇದ್ದಿಲಿನಲ್ಲಿ ಬರೆದು ಕೂಡಿದ.
"ನೂರ ಎಂಬತ್ನಾಲ್ಕು ಕೆ.ಜಿ.! ಒಣಗಿದ್ದರೆ ಆರೋ ಏಳೋ.
ಮೂರು ಜನರ ತೂಕದ ನೀರು, ಮಾರಾಯ,
ಟಿಕೇಟಿಲ್ಲದೆ ಎಷ್ಟು ವರ್ಷ ಸವಾರಿ ಮಾಡಿದೆಯೋ!"
ಅವನು ನಕ್ಕ. ನಾನೂ ಅರ್ಧ ನಕ್ಕೆ.

ಆ ಆಗಸ್ಟಿನ ರಾತ್ರಿ ಅಂಚಿಗೂ ನೀರಿಗೂ ನಾಲ್ಕೇ ಬೆರಳು.
ಟಾರ್ಚನ್ನು ಕಂಕುಳಲ್ಲಿ ಸಿಕ್ಕಿಸಿ ಕೂಗಿದ್ದೆ:
ಭಾರ ಆಗ್ತದೆ, ಹೊಲಿಗೆ ಮೆಷಿನ್ ಬೇಡ,
ಅಕ್ಕಿ ಬೇಡ, ಆಡು ಬೇಡವೇ ಬೇಡ.
ಗಬ್ಬದ ಆಡು. ಚೋಮಿ ಅದನ್ನು ಶೀಟಿನ ಮೇಲೆ ಹತ್ತಿಸಿ,
ಕೈಗೆ ಸಿಕ್ಕ ಸೊಪ್ಪು ಇಟ್ಟು,
ಕೊರಳ ಹಗ್ಗ ಬಿಚ್ಚಿಕೊಂಡು ಬಂದು ಕೂತಳು
ನಾನು ತೋರಿಸಿದ ಜಾಗದಲ್ಲಿ.
ಆ ಜಾಗದ ಅಡಿಯ ಫೋಮು ಈಗ ತಕ್ಕಡಿಯ ಮೇಲಿತ್ತು.

"ಎಷ್ಟಂತೆ?" ಕೇಳಿದಳು.
ಮೊಯ್ದು ಹೇಳಿದ.
"ಆಡು ಇಪ್ಪತ್ತೆರಡು ಇತ್ತು," ಅಂದಳು,
"ಹಬ್ಬಕ್ಕೆ ಮುಂಚೆ ವ್ಯಾಪಾರಿ ತೂಗಿ ನೋಡಿದ್ದ."
ಸೆರಗಿಗೆ ಕೈ ಒರೆಸಿಕೊಂಡಳು.
ಮುಚ್ಚಳ ಮತ್ತೆ ಇಡೋ ದಿನ ಹೇಳಿ ಕಳಿಸಿ, ಅಂದಳು,
ಕೆಲಸಕ್ಕೆ ಹೊತ್ತಾಗಿತ್ತು.

ಕಾಫಿ ಹರವುವ ಜಾಗದಲ್ಲಿ ಫೋಮು ಹರವಿದೆವು.
ಒಣಗುವುದಿಲ್ಲ, ಎಸೆಯಬೇಕು ಅಂತ ಇಬ್ಬರಿಗೂ ಗೊತ್ತು.
ಸಂಜೆ ಮೊಯ್ದು ಹೊಸ ಮರಕ್ಕೆ ಅಳತೆ ತೆಗೆಯುತ್ತಿದ್ದ.
ಮೇಲೊಂದು ಕಿಂಡಿ ಬಿಡು, ಅಂದೆ, ತೆರೆದು ನೋಡುವಂಥದ್ದು.
"ಎಷ್ಟು ದೊಡ್ಡದು?"
ಕೈ ಹೋಗಲಿ.
ಪೆನ್ಸಿಲ್ ಕಿವಿಗೆ ಸಿಕ್ಕಿಸಿ ನನ್ನ ಕೈ ನೋಡಿದ.
ಮೊಣಕೈ ತನಕ, ಅಂದೆ. ತಳ ಮುಟ್ಟಬೇಕು.