ಕಿವಿಯಲ್ಲಿ ಹೇಳುವ ಮುಂಚೆ

ಪುನರ್ವಸು, ನಾಲ್ಕನೇ ಪಾದ. ಅಕ್ಷರ ಹಿ.
ಕೊಟ್ರೇಶಿ ರಾತ್ರಿಯಿಡೀ ಫೋನು ತಿಕ್ಕಿ ತಿಕ್ಕಿ
ಹಿಯಾಂಶಿ ಅಂತ ಒಂದನ್ನು ಹೆಕ್ಕಿಕೊಂಡು ಬಂದಿದ್ದಾನೆ.
ಅರ್ಥ ಏನಲೇ, ಅಂದೆ.
ಒಂದು ಕಡೆ ಇಬ್ಬನಿ ಅಂತೈತಕ್ಕ,
ಒಂದು ಕಡೆ ಲಕ್ಷ್ಮಿ,
ಇನ್ನೊಂದರಾಗೆ ಯಾವುದೋ ದೇಶದ ರಾಣಿ.
ಹಿರಿಯಮ್ಮ ಅಂತಿಡ್ರೋ, ಹಿ ಬರ್ತೈತಲ್ಲ,
ಅಂದಳು ಮೂಲೆಯಿಂದ ನಮ್ಮವ್ವ.
ಬಾಣಂತಿ ನಗು ತಡೆಯಲಾರದೆ ಹೊಲಿಗೆ ಹಿಡಿದುಕೊಂಡಳು.

ನಾನು ಸೋದರತ್ತೆ. ಹೆಸರು ಹೇಳುವುದು ನನ್ನ ಹಕ್ಕು,
ಬೆನ್ನಿಗೆ ಗುದ್ದಿಸಿಕೊಳ್ಳುವುದೂ.
ಮಂಡಕ್ಕಿ ಭಟ್ಟಿಗೆ ಅರ್ಧ ದಿನ ರಜೆ ಹೇಳಿ
ಕಿವಿಸಂದಿಯ ಹೊಟ್ಟು ತೊಳೆದು
ಇರುವ ಒಂದೇ ಇಳಕಲ್ಲು ಉಟ್ಟು ಬಂದಿದ್ದೇನೆ.

ಹೆಸರಿನ ಅರ್ಥ ನನಗೂ ಒಂದಿಷ್ಟು ಗೊತ್ತು.
ಬಾಣಲೆಯ ಮರಳು ಕಾಯುವ ತನಕ ಅದೇ ಮಾತು ನಮ್ಮದು.
ತಿಪ್ಪಮ್ಮ ಹುಟ್ಟುವ ಮುಂಚೆ ಮೂರು ಹೋಗಿದ್ದವಂತೆ.
ಇದನ್ನು ಒಯ್ದು ತಿಪ್ಪೆ ಮೇಲೆ ಮಲಗಿಸಿ
ಯಾರೂ ಕೇಳದ ಮಾಲೆಂದು ಸಾವಿಗೆ ತೋರಿಸಿ
ಆಚೆಮನೆಯಾಕೆ ಎತ್ತಿಕೊಂಡು, ಒಂದು ಮೊರ ತೌಡಿಗೆ
ಹೆತ್ತವಳಿಗೇ ಮಾರಿದಳಂತೆ.
ಒಂದು ಮೊರ ತೌಡು ನನ್ನ ರೇಟು, ಅನ್ನುತ್ತಾಳೆ ಈಗಲೂ,
ಕೂಲಿ ಮುರಿದ ದಿನ, ಸಾಹುಕಾರನ ಎದುರೇ.
ಶಹಜಾದಬಿ ಅಂದರೆ ರಾಜಕುಮಾರಿ.
ಹುಬ್ಬು ಸುಟ್ಟುಕೊಂಡ ರಾಜಕುಮಾರಿ
ಒಲೆಯ ಬಾಯಿಗೆ ಹೊಟ್ಟು ನೂಕುತ್ತಾಳೆ.
ಉಚ್ಚೆಂಗಮ್ಮನದು ಗುಡ್ಡದ ದೇವಿಯ ಹೆಸರು,
ಅವರಜ್ಜಿ ಹೊತ್ತ ಹರಕೆ, ಇವಳು ತೀರಿಸುವ ಸಾಲ.

ನಾನು ಸಾಕಮ್ಮ.
ನಾಲ್ಕನೆಯದೂ ಹೆಣ್ಣೆಂದು ಕೇಳಿ ಅಪ್ಪ
ಹೊಂಡದ ಸರ್ಕಲ್ಲಿನ ಹಿಟ್ಟಿನ ಗಿರಣಿ ಮುಂದೆ ನಿಂತು
ಸಾಕು, ಅಂದನಂತೆ. ಅದೇ ಹೆಸರಾಯಿತು.
ದೇವರಿಗೆ ಬರೆದ ಕಾಗದ ನಾನು,
ಕರೆದಾಗಲೆಲ್ಲ ಗಟ್ಟಿಯಾಗಿ ಓದುತ್ತಿದ್ದರು.
ಅವನಿಗೂ ಕೇಳಿಸಿರಬೇಕು, ಎರಡೇ ವರ್ಷಕ್ಕೆ ಕೊಟ್ರೇಶಿ.
ಐದನೇ ಕ್ಲಾಸಿನ ಮೇಷ್ಟ್ರು ಮರುಗಿ
ಹಾಜರಿ ಪುಸ್ತಕದಲ್ಲಿ ತೃಪ್ತಿ ಅಂತ ತಿದ್ದಿದರು.
ಅರ್ಥ ಹುಡುಕಿದರೆ ಅದೂ ಸಾಕು ಅಂತಲೇ,
ಮಡಿ ಉಟ್ಟ ಸಾಕು.
ಮರುವರ್ಷ ಶಾಲೆ ಬಿಡಿಸಿದರು.
ತೃಪ್ತಿ ಅಲ್ಲೇ ಉಳಿದಳು, ಹದಿನಾಲ್ಕನೇ ನಂಬರಿನಲ್ಲಿ.

ಅವ್ವ ಮಿಲ್ಲಿಗೆ ಹೋದರೆ ಕೊಟ್ರೇಶಿ ನನ್ನ ಸೊಂಟದ ಮೇಲೆ.
ಅವನ ಗಂಜಿ, ಉಚ್ಚೆ, ಜ್ವರ, ಮಗ್ಗಿ, ಎಲ್ಲಾ ನನ್ನವೇ.
ಒಂದು ದಿನ ಪಾತ್ರೆ ತಿಕ್ಕುತ್ತ ಹೊಳೆಯಿತು:
ಸಾಕು ಅಂದರೆ ಸಲಹು ಅಂತಲೂ ಹೌದಲ್ಲ.
ಯಾರಿಗೂ ಹೇಳಲಿಲ್ಲ.
ಹೇಳಿದ್ದರೆ ಅಪ್ಪ, ಅದಕ್ಕೇ ಇಟ್ಟದ್ದು ಅನ್ನುತ್ತಿದ್ದ.

ಈಗ ತೊಟ್ಟಿಲೊಳಗೆ ಬಗ್ಗಿದ್ದೇನೆ.
ಬೆನ್ನ ಹಿಂದೆ ಎಂಟು ಮುಷ್ಟಿ ಕಾಯುತ್ತಿವೆ.
ನೆನೆದ ಅವರೆಬೇಳೆಯಂಥ ಕಿವಿ, ಹಾಲಿನ ಹುಳಿವಾಸನೆ.
ಹಿಯಾಂಶಿ.
ನಾಲಿಗೆ ಮೇಲೆ ಮಂಡಕ್ಕಿಯಂತೆ, ತೂಕವೇ ಇಲ್ಲ.
ಯಾರ ಹರಕೆಯಲ್ಲ, ಯಾರಿಗೂ ಕಾಗದವಲ್ಲ,
ಒಳಗೆ ಬರೀ ಗಾಳಿ.
ನನಗೆ ಹೊಟ್ಟೆಕಿಚ್ಚಾಯಿತು, ನಿಜ ಹೇಳುತ್ತೇನೆ.

ಮೂರು ಸಲ ಹೇಳಿದೆ. ಗುದ್ದು ಬಿದ್ದವು,
ತಿಪ್ಪಮ್ಮನದು ಎಲ್ಲರಿಗಿಂತ ಜೋರು.
ಅರ್ಥ ಏನೇ ಸಾಕವ್ವ, ಅಂದಳು ಏದುಸಿರಿನಲ್ಲಿ.
ಇನ್ನೂ ಏನಿಲ್ಲ ಕಣೇ, ಅಂದೆ.
ಕೂಸು ಸೀನಿತು.