ತೂಕದ ದಿನ

ಬಾ ಹಲಕೆ, ಗಡಿಯಾರದಂಥ ನಿನ್ನ ತಕ್ಕಡಿಯನ್ನು
ಈ ಸಲ ದಪ್ಪ ಕೊಂಬೆಗೇ ಕಟ್ಟು.
ಹೋದ ತಿಂಗಳು ಕಟ್ಟಿದ್ದು ಗೆದ್ದಲು ತಿಂದದ್ದು;
ಮುರಿದು ನಿನ್ನ ತಲೆಯ ಮೇಲೆಯೇ ಬಿತ್ತು.
ನನ್ನ ಮರಿಗಳು ಅಷ್ಟು ಭಾರವಂತೆ ಎಂದು
ಯಬೆಲೊ ಪೇಟೆಯವರೆಗೂ ಸುದ್ದಿ ಹೋಯಿತು.

ಮೊದಲು ಇವನನ್ನು ತೂಗು, ಕಿವಿ ಸೀಳಿದವನನ್ನು.
ನೀನು ಕೊಟ್ಟ ನುಗ್ಗೆಸೊಪ್ಪಿನ ಪುಡಿಯನ್ನು
ಇವನು ಮೂಸಿಯೂ ನೋಡಲಿಲ್ಲ.
ಆಡು ಮುಟ್ಟದ ಸೊಪ್ಪಿಲ್ಲ ಎನ್ನುವವರು
ಒಂದೇ ಒಂದು ದಿನ ಇವನನ್ನು ಸಾಕಿ ನೋಡಲಿ.
ಪುಡಿ ಬಿಟ್ಟ, ಚೀಲ ತಿಂದ.
ಚೀಲದ ಮೇಲಿದ್ದ ನಿಮ್ಮ ಕಚೇರಿಯ ಹೆಸರನ್ನೂ
ಕಣ್ಣು ಮುಚ್ಚಿ ನಿಧಾನವಾಗಿ ಅಗಿದ.

ಹನ್ನೊಂದೂವರೆಯೇ? ಬರೆದುಕೋ.

ಇವನನ್ನು ಬೆಳೆಸಿದ್ದು ದಡ್ಡಚ ಮರದ ಕಾಯಿ,
ಕಿವಿಯೋಲೆಯಂತೆ ಸುರುಳಿ ಸುತ್ತಿಕೊಂಡಿರುತ್ತದಲ್ಲ, ಅದು.
ನಡುಮಧ್ಯಾಹ್ನ ದೋಟಿ ಹಿಡಿದು ಹೋಗಬೇಕು,
ಒಣಗಿದ ಕಾಯಿ ತಾನೇ ಗಿಲಗಿಲ ಕರೆಯುತ್ತದೆ.
ತಂದು ಕಲ್ಲಲ್ಲಿ ಜಜ್ಜಬೇಕು. ಜಜ್ಜದೆ ಹಾಕಿದರೆ
ಬೀಜ ಹೊಕ್ಕ ಹಾಗೇ ಹೊರಗೆ ಬಂದು
ರೊಪ್ಪದಲ್ಲಿ ಮರವಾಗುತ್ತದೆ;
ಮರಿ ಮರಿಯಾಗಿಯೇ ಉಳಿಯುತ್ತದೆ.

ನಿನ್ನ ಹಾಳೆಯಲ್ಲಿ ಬರೆದಿದೆ, ದಿನಕ್ಕೆ ಒಂದು ಹಿಡಿ ಎಂದು.
ಯಾರ ಹಿಡಿ, ಹಲಕೆ?
ನನ್ನ ಹಿಡಿಯಲ್ಲಿ ಇಪ್ಪತ್ತು ಕಾಯಿ ಕೂರುತ್ತವೆ.
ಟುಮೆಯ ಹಿಡಿಯಲ್ಲಿ ಆರು,
ಅದರಲ್ಲೂ ಎರಡು ಬೆರಳ ಸಂದಿಯಿಂದ ಜಾರುತ್ತವೆ.

ಈಗ ಅವಳು. ಒಲೆಯ ಹಿಂದೆ ಮಲಗಿದ್ದಾಳೆ, ಎತ್ತಿ ತಾ.
ಇವನ ಜತೆ ಹುಟ್ಟಿದವಳು.
ಒಂಬತ್ತನೇ ದಿನ ತಾಯಿಯನ್ನು ಕತ್ತೆಕಿರುಬ ಹೊತ್ತೊಯ್ದಿತು,
ಅಂದಿನಿಂದ ಇಬ್ಬರೂ ನಮ್ಮ ಹಾಸಿಗೆಯ ಪಕ್ಕದಲ್ಲೇ.
ರಾತ್ರಿ ಯಾರಾದರೂ ಕೆಮ್ಮಿದರೆ
ಕತ್ತಲಲ್ಲಿ ಕೈಚಾಚಿ ತಲೆ ಸವರುತ್ತೇನೆ:
ಕೊಂಬಿನ ಮೊಳಕೆ ಸಿಕ್ಕಿದರೆ ಮರಿ,
ಜಡೆ ಸಿಕ್ಕಿದರೆ ಮಗಳು.

ಏಳೂಕಾಲೇ? ಸರಿಯಾಗಿ ನೋಡು.
ಎಣಿಸಿದರೆ ನಾಲ್ಕೇ ಕಾಲು ಅವಳಿಗೆ.

ನಗು, ನಗು. ಎರಡು ತಿಂಗಳ ಹಿಂದೆ
ಒಂದು ಕೈಯಲ್ಲಿ ಇವಳನ್ನೆತ್ತಿ
ಇನ್ನೊಂದು ಕೈಯಲ್ಲಿ ಗಂಜಿ ತಿರುಗಿಸುತ್ತಿದ್ದೆ.
ಕಾಯಿ ಬೇಡ, ಎಲೆ ಬೇಡ, ಹಾಲೂ ಬೇಡ ಎಂದಳು.
ಕೊನೆಗೆ ಅಣ್ಣನ ಉಪ್ಪಿಗೆ ಬಾಯಿಟ್ಟಳು.

ಜಾರ್ಸೊ ಬೆಟ್ಟದ ಬಾಯೊಳಗೆ ಇಳಿಯುತ್ತಾನೆ, ಗೊತ್ತಲ್ಲ.
ಮೂಗಿಗೆ ಮಣ್ಣು ಮೆತ್ತಿಕೊಂಡು ಕರಿನೀರಿಗೆ ಮುಳುಗಿ
ತಳದಿಂದ ಕೆಸರುಪ್ಪು ಬಾಚಿ ತರುತ್ತಾನೆ.
ಒಂದು ಕಣ್ಣು ಈಗ ಹೊಗೆ ಕಟ್ಟಿದೆ.
ಉಪ್ಪಿನ ಋಣ ಎಂಬುದು ಉಂಡವರಿಗಂತೆ;
ತಂದವನಿಗೆ ಯಾವ ಋಣವೋ ನನಗೆ ಗೊತ್ತಿಲ್ಲ.

ಟುಮೆ ಆ ಕೆಸರಿಗೆ ನಿನ್ನ ಪುಡಿ ಕಲಸಿ
ಅಂಗೈಗೆ ಬಳಿದುಕೊಂಡು ಮಲಗಿದಳು. ನಾನು ಹೇಳಿಕೊಟ್ಟದ್ದಲ್ಲ.
ಬೆಳಗಾಗುವಷ್ಟರಲ್ಲಿ ಕೈ ತೊಳೆದಂತೆ ಹೊಳೆಯುತ್ತಿತ್ತು.
ಮರಿ ಅವಳ ಕಂಕುಳಲ್ಲಿ ಮೆಲುಕು ಹಾಕುತ್ತಿತ್ತು.

ಆಮೇಲೆ ಪುಡಿ ಬೇಗ ಮುಗಿಯಿತು.
ಇನ್ನೂ ಬೇಗ ಮುಗಿಯಿತು.
ಯಾರು ತಿಂದರು ಎಂದು ನಿನ್ನ ಹಾಳೆ ಕೇಳುವುದಿಲ್ಲ,
ಆದರೂ ಹೇಳುತ್ತೇನೆ.
ಕೊನ್ಸೊ ಸೀಮೆಯವರು ಅದೇ ಸೊಪ್ಪನ್ನು ಬೇಯಿಸಿ ಉಂಡು
ಬೆಟ್ಟದ ಮೈಗೆಲ್ಲ ಕಲ್ಲುಗೋಡೆ ಕಟ್ಟಿದ್ದಾರೆ.
ನಾನು ಗಂಜಿಯಲ್ಲಿ ಒಂದು ಚಿಟಿಕೆ ಹಾಕಿದೆ, ಅಷ್ಟೆ.
ಮಳೆ ತಡವಾದ ಮೇಲೆ ಎರಡು.

ಬೈಯುವುದಾದರೆ ಆಮೇಲೆ ಬೈ.
ತಕ್ಕಡಿ ಮಾತ್ರ ಬಿಚ್ಚಬೇಡ.

ಟುಮೆ, ಬಾರೇ ಇಲ್ಲಿ.
ಮರಿಯಂತೆ ಕಾಲು ಮಡಚಿಕೋ, ಹಗ್ಗ ಗಟ್ಟಿಯಾಗಿ ಹಿಡಿ.
ಮಾವ ಬಿಡುವುದಿಲ್ಲ, ಕೆಳಗೆ ನೋಡಬೇಡ.
ಅಯ್ಯೋ, ನಗಬೇಡ ಮಗಳೇ,
ಮುಳ್ಳು ನಿಲ್ಲಲಿ.