ಏಳು ಕೋಟಿ ಚಿಲ್ಲರೆ

ಅರಿಸ್ ಜಂಕ್ಷನ್, ಹದಿನಾಲ್ಕನೆಯ ಹಳಿ, ರಾತ್ರಿ ಎರಡೂವರೆ.
ಮಸಿ ಹೆಪ್ಪುಗಟ್ಟುತ್ತದೆಂದು ನಮಗೆ ಪೆನ್ಸಿಲ್ಲೇ ಗತಿ.
ಲಾಟೀನು ಎತ್ತಿ ವ್ಯಾಗನ್ನಿನ ನಂಬರು ಬರೆದುಕೊಳ್ಳುವುದು ನನ್ನ ಕೆಲಸ.
ಹೆಸರು ರಾಬಿಗಾ. ಪಾಳಿ ಮೂರನೆಯದು.

ಮೊದಲಂಕೆ ನೋಡಿದರೆ ಜಾತಿ ತಿಳಿಯುತ್ತದೆ:
ಎರಡು ಮುಚ್ಚಿದ್ದು, ನಾಲ್ಕು ಬರಿ ಹಲಗೆ,
ಆರಕ್ಕೆ ಸೂರಿಲ್ಲ, ಏಳೆಂದರೆ ಟ್ಯಾಂಕರು.
ಕಡೆಯಂಕೆ ಸಾಕ್ಷಿ.
ಮುಂದಿನ ಏಳನ್ನು ಒಂದು ಬಿಟ್ಟು ಒಂದು ಇಮ್ಮಡಿಸಿ,
ಬಂದ ಅಂಕೆಗಳನ್ನೆಲ್ಲ ಕೂಡಿಸಿ,
ಮುಂದಿನ ಹತ್ತಕ್ಕೆ ಎಷ್ಟು ಕಡಿಮೆಯೋ ಅದೇ ಅದು.
ಮರಗಟ್ಟಿದ ಬೆರಳು ಆರನ್ನು ಸೊನ್ನೆ ಮಾಡಿದರೆ
ಸುಮ್ಮನಿರುವುದಿಲ್ಲ.

ಡಿಸೆಂಬರಿನಲ್ಲಿ ಬಂತು ಒಂದು:
೭೧೩೨೬೪೩೩.
ಇಪ್ಪತ್ತೇಳಾಯಿತು, ಮೂರು ಕಡಿಮೆ, ಕೊನೆಗೆ ಮೂರಿದೆ.
ಇಲ್ಲಿಗೆ ರೈಲ್ವೆಯ ಕುತೂಹಲ ಮುಗಿಯಿತು.

ನನ್ನದು ಮುಗಿಯಲಿಲ್ಲ.
ಕೋಟಿನ ಒಳಜೇಬಿನಲ್ಲಿ ವೀಗೆಲ್ ಟೀಚರು ಕೊಟ್ಟ ಪಟ್ಟಿ.
ವೋಲ್ಗಾ ದಂಡೆಯಿಂದ ಇಲ್ಲಿಗೆ ಅಟ್ಟಿದಾಗ
ಪುಸ್ತಕ ತರಲು ಬಿಟ್ಟಿರಲಿಲ್ಲ ಅವರನ್ನು.
ಹಿಟ್ಟಿನ ಚೀಲದ ಕಾಗದದ ಮೇಲೆ
ಸಾವಿರ ಅವಿಭಾಜ್ಯಗಳನ್ನು ಜರಡಿಯಾಡಿಸಿ ಬರೆದರು,
ಎರಡರಿಂದ ಹಿಡಿದು. ೭೯೧೯ಕ್ಕೆ ಕಾಗದ ತೀರಿತು.

ಬೆಸ. ಅಂಕೆಗಳ ಮೊತ್ತ ಇಪ್ಪತ್ತೊಂಬತ್ತು, ಮೂರರ ಮನೆಗೆ ಸೇರದು.
ಏಳರಲ್ಲಿ ಮೂರು ಉಳಿಯಿತು, ಹನ್ನೊಂದರಲ್ಲಿ ಎರಡು,
ಹದಿಮೂರರಲ್ಲಿ ಒಂಬತ್ತು.
ರೈಲು ಬಾರದ ಹೊತ್ತಿನಲ್ಲಿ ರಾತ್ರಿಗೆ ಹತ್ತೋ ಹನ್ನೆರಡೋ ಭಾಗಾಕಾರ.
ಟ್ಯಾಂಕರು ಆ ಬೆಳಗ್ಗೆಯೇ ಗುರಿಯೇವ್‌ಗೆ ಹೋಗಿಬಿಟ್ಟಿತ್ತು.
ಲೆಕ್ಕ ಮಾತ್ರ ನನ್ನ ಹತ್ತಿರ ಉಳಿದಿತ್ತು,
ಸಾಲ ತೀರಿಸದೆ ಊರುಬಿಟ್ಟವನ ಚಪ್ಪಲಿಯಂತೆ.

ಒಂಬೈನೂರ ತೊಂಬತ್ತೊಂಬತ್ತು ಸಲ ಶೇಷ.
"ಬಿಡು ಅಕ್ಕಾ, ಅದು ಒಡೆಯುವ ಪೈಕಿಯಲ್ಲ" ಅಂದ
ಹಳಿ ಬದಲಿಸುವ ಒರಾಜ್.
ಅಷ್ಟು ಸುಲಭವಿರಲಿಲ್ಲ.
ಅದರ ವರ್ಗಮೂಲ ಎಂಟು ಸಾವಿರದ ನಾನೂರು ದಾಟುತ್ತದೆ,
ಪಟ್ಟಿ ಅಲ್ಲಿಯ ತನಕ ಹೋಗದು.
ಕೊನೆಯದೂ ಸೋತರೆ
ಒಡೆಯದು ಅನ್ನುವಂತೆಯೂ ಇಲ್ಲ, ಒಡೆದೀತು ಅನ್ನುವಂತೆಯೂ ಇಲ್ಲ.

ಮಾರ್ಚ್. ಹಳಿಗಳ ನಡುವೆ ಕೆಸರು.
೭೯೧೯, ಒಂಬತ್ತು ಸಾವಿರದ ಏಳು ಸಲ.
ಕೆಳಗೆ ಸೊನ್ನೆ.
ಅದರ ಮೇಲೆ ಇನ್ನೊಮ್ಮೆ ಪೆನ್ಸಿಲ್ ಆಡಿಸಿ ದುಂಡಗೆ ಮಾಡಿದೆ.

ಟೀಚರು ಹಾಸಿಗೆ ಹಿಡಿದಿದ್ದರು. ಕಿವಿಯ ಹತ್ತಿರ ಹೇಳಿದೆ.
"ಒಂಬತ್ತು ಸಾವಿರದ ಏಳೂ ಅವಿಭಾಜ್ಯವೇ?"
"ನೋಡಿದೆ. ಹೌದು."
"ನಾಲ್ಕರಿಂದ ಭಾಗಿಸು."
ಎರಡಕ್ಕೂ ಮೂರು ಉಳಿಯಿತು.
"ಹಾಗಾದರೆ ಎರಡು ವರ್ಗಗಳ ಮೊತ್ತವಾಗಿ ಅದನ್ನು ಬರೆಯಲಾಗದು.
ತನ್ನನ್ನು ಬಿಟ್ಟು ಭಾಜಕಗಳನ್ನು ಕೂಡಿಸು."
ಒಂದು, ಅದು, ಇದು:
ಹದಿನಾರು ಸಾವಿರದ ಒಂಬೈನೂರ ಇಪ್ಪತ್ತೇಳು.
ಏಳು ಕೋಟಿಯ ಆಸಾಮಿ, ಮನೆಯೊಳಗೆ ಇಷ್ಟೇ ದವಸ!
"ಊನ ಸಂಖ್ಯೆ" ಅಂದರು. ಕೆಮ್ಮಿದರು.
"ಬಹುಪಾಲು ಹಾಗೆಯೇ ಇರುತ್ತವೆ. ಬೇಜಾರು ಮಾಡಿಕೊಳ್ಳಬೇಡ."

ಗುರಿಯೇವ್‌ಗೆ ಹೊರಟ ಬೇರೊಂದು ಟ್ಯಾಂಕರಿನ ಹೊಟ್ಟೆಯ ಮೇಲೆ
ಸೀಮೆಸುಣ್ಣದಲ್ಲಿ ಬರೆದು ಕಳಿಸಿದೆ:
೭೯೧೯ × ೯೦೦೭.
ಮೇ ತಿಂಗಳಲ್ಲಿ ವಾಪಸು ಬಂತು.
ಅರ್ಧ ಅಳಿಸಿತ್ತು. ಪಕ್ಕದಲ್ಲಿ ಯಾರದೋ ಸೊಟ್ಟ ಕೈಬರಹ:
ಬ್ರೇಕ್ ನೋಡಿದ್ದೇನೆ. ಸರಿ ಇದೆ.